ಆಯಿ ಹುಟ್ಟಿದ ಊರು

ನನ್ನ ಕೈಚೀಲದಲ್ಲಿ ಯಾವಾಗಲೂ ಎರಡು ಕಪ್ಪು ಶಾಯಿಯ ಪೆನ್ನುಗಳಿರುತ್ತವೆ. ಒಂದು ನಡುವೆ ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಎರಡು. ಮೊನ್ನೆ ಚೀಲ ಕೊಡವಿ ಸ್ವಚ್ಛ ಮಾಡುವಾಗ ಎರಡೂ ಹೊರಗೆ ಬಿದ್ದವು. ಒಂದಕ್ಕೆ ಏಲಕ್ಕಿ ಸಿಪ್ಪೆ ಅಂಟಿಕೊಂಡಿತ್ತು. ಅದನ್ನು ಒರೆಸಿ ಕೈಯಲ್ಲಿ ಹಿಡಿದು ಕುಳಿತವಳು ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಬಿಟ್ಟು ಹೋಗುವ ಮನೆಯ ಒಲೆಯಾದರೂ ತಿಕ್ಕಿಯೇ ಬಿಟ್ಟು ಹೋಗಬೇಕಲ್ಲ, ಅರ್ಧ ಗಂಟೆ ಅದಕ್ಕೇ ಹೋಯಿತು.

ದುಬೈಯ ಅಲ್ ಕುಸೈಸಿನ ಈ ಕಟ್ಟಡದಲ್ಲಿ ನಾನು ಅರ್ಜಿ ತುಂಬುವವಳು ಎಂದೇ ಪರಿಚಿತಳು. ಮೂರನೇ ಮಹಡಿಯವರ ಮಗುವಿನ ಪಾಸ್‌ಪೋರ್ಟ್, ಐದನೇ ಮಹಡಿಯವರ ಅತ್ತೆಯ ವಿಸಿಟ್ ವೀಸಾ, ಕೆಳಗಿನ ಕಿರಾಣಿ ಅಂಗಡಿಯವರ ಶಾಲೆಯ ಫಾರಮ್ಮು, ಎಲ್ಲ ನನ್ನ ಊಟದ ಮೇಜಿಗೆ ಬರುತ್ತವೆ. ಈಗೆಲ್ಲ ಕಂಪ್ಯೂಟರಿನಲ್ಲೇ ತುಂಬುವುದು, ನಿಜ. ಆದರೂ ಮೊದಲು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋದರೆ ಟೈಪಿಂಗ್ ಸೆಂಟರಿನವರು ತಪ್ಪು ಮಾಡುವುದಿಲ್ಲ. ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ, ಗೆರೆ ಮುಟ್ಟಬಾರದು, ಹೊಡೆದು ಬರೆಯಬಾರದು. ಮದುವೆಯಾಗಿ ಬಂದ ಹೊಸದರಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತಿದ್ದೆ. ಆಗ ಹತ್ತಿದ ಚಟ. ಕೆಲವರು ಕಸೂತಿ ಹಾಕುತ್ತಾರೆ, ನಾನು ಫಾರಮ್ಮು ತುಂಬಿದೆ. ತುಂಬಿದ ಪ್ರತಿಯೊಂದರ ನಕಲನ್ನೂ ತೆಗೆದು ಹಸಿರು ಫೈಲಿನಲ್ಲಿ ಇಡುತ್ತೇನೆ. ನಮ್ಮ ಮನೆಯವರು ತಮಾಷೆ ಮಾಡುತ್ತಾರೆ: "ಯಮಧರ್ಮ ಬಂದರೂ ಇವಳು ಮೊದಲು ಐಡಿ ಕೊಡಿ ಅಂತಾಳೆ, ಆಮೇಲೆ ನಕಲು ತೆಗೆದಿಡ್ತಾಳೆ."

ಹಾಗೆ ತಮಾಷೆ ಮಾಡುವ ಮನುಷ್ಯ ಒಂದು ಸಂಜೆ ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಬಂದು, ಬೂಟು ಬಿಚ್ಚದೆ ಸೋಫಾದ ಮೇಲೆ ಕುಳಿತರು. ಎರಡು ಮೆಟ್ರೋ ಬದಲಾಯಿಸಿ ಬರುವವರು, ಬಂದ ಕೂಡಲೇ ಕಾಲು ತೊಳೆಯುವುದು ಇಪ್ಪತ್ತೈದು ವರ್ಷಗಳ ಕ್ರಮ. ನಾನು ಅವರ ಬೂಟನ್ನೇ ನೋಡುತ್ತ ನಿಂತೆ.

"ಏನಾಯ್ತು?"

"ಖಲಾಸ್" ಎಂದರು. "ಇನ್ನು ನಾಲ್ಕು ತಿಂಗಳು. ನಮ್ಮ ವಿಭಾಗವನ್ನೇ ಮುಚ್ತಾರಂತೆ."

ಈ ಊರಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುವುದಾದರೆ ಇಷ್ಟೇ: ನಮ್ಮೆಲ್ಲರ ವೀಸಾ ಇವರ ಕೆಲಸಕ್ಕೆ ಕಟ್ಟಿದ ಗಂಟು. ಕೆಲಸ ಹೋದರೆ ಗಂಟು ಬಿಚ್ಚುತ್ತದೆ. ಇವರಿಗೆ ಐವತ್ತೇಳು. ಆ ವಯಸ್ಸಿಗೆ ಇಲ್ಲಿ ಹೊಸ ಕೆಲಸ ಕೊಡುವವರು ಕಡಿಮೆ. ಮಗಳು ತನ್ವಿಗೆ ಹತ್ತೊಂಬತ್ತು, ಇಲ್ಲೇ ಹುಟ್ಟಿದವಳು, ಇಲ್ಲೇ ಕಾಲೇಜಿನ ಎರಡನೇ ವರ್ಷ. ಊರೆಂದರೆ ಅವಳಿಗೆ ಶಾಲೆಯ ರಜೆಯಲ್ಲಿ ಮೂರು ವಾರ ಸೊಳ್ಳೆ ಕಚ್ಚಿಸಿಕೊಂಡು ಬರುವ ಜಾಗ. ವಿಷಯ ಹೇಳಿದಾಗ ಅವಳು ಅಳಲಿಲ್ಲ. ತಟ್ಟೆಯಲ್ಲಿದ್ದ ಚಪಾತಿಯನ್ನು ಸಣ್ಣ ಸಣ್ಣದಾಗಿ ಹರಿಯುತ್ತ, "ಯೂ ಟೂ ಕ್ಯಾನ್ ಗೋ ಬ್ಯಾಕ್, ಅಮ್ಮಾ. ನನಗೆ ಬ್ಯಾಕ್ ಅನ್ನೋದು ಎಲ್ಲಿದೆ?" ಎಂದಳು.

ಊರಿಗೆ ಮಾತ್ರ ತಿಳಿಸಲಿಲ್ಲ. ಗಲ್ಫಿನಲ್ಲಿರುವ ನಮ್ಮವರ ಮೊದಲ ನಿಯಮವೇ ಅದು. ಜ್ವರ ಬಂದರೆ ಗುಣವಾದ ಮೇಲೆ ಹೇಳುವುದು, ಕೆಲಸ ಹೋದರೆ ಇನ್ನೊಂದು ಸಿಕ್ಕ ಮೇಲೆ ಹೇಳುವುದು. ಸದಾಶಿವಗಡದಲ್ಲಿ ನನ್ನ ತಮ್ಮ ಪ್ರಕಾಶನ ಜೊತೆ ಇರುವ ಆಯಿಗೆ, ಎಂದರೆ ಅಮ್ಮನಿಗೆ, ದಿನವೂ ಫೋನು ಮಾಡುತ್ತೇನೆ. ಆ ದಿನವೂ ಮಾಡಿದೆ. ಬಂಗಡೆ ಸಿಗುತ್ತದೆಯೇ ಎಂದು ಅವಳು ಕೇಳಿದಳು. ಸಿಗುತ್ತದೆ ಎಂದೆ.

ದಾರಿ ತೋರಿಸಿದ್ದು ಪಕ್ಕದ ಮನೆಯ ವಿಜಯಕ್ಕ. ಉಡುಪಿ ಕಡೆಯವರು, ತುಳು ಮನೆಮಾತು, ಯಾರಿಗೆ ಏನಾಯಿತು ಎಂಬುದು ಅವರಿಗೆ ಆಗುವ ಮೊದಲೇ ಗೊತ್ತಿರುತ್ತದೆ. ಪತ್ರೊಡೆಯ ಡಬ್ಬಿ ಹಿಡಿದುಕೊಂಡು ಬಂದು, ಕೂರುವ ಮೊದಲೇ ಶುರು ಮಾಡಿದರು.

"ನಮ್ಮ ಆಫೀಸಿನಲ್ಲಿ ಗೋವಾದ ಒಂದು ಹುಡುಗಿ ಉಂಟು ಮಾರಾಯ್ತಿ. ಅವಳ ಅಪ್ಪ ಹುಟ್ಟಿದ್ದು ಪೋರ್ಚುಗೀಸರ ಕಾಲದಲ್ಲಂತೆ. ಅದನ್ನು ತೋರಿಸಿ ಆ ದೇಶದ ಪಾಸ್‌ಪೋರ್ಟೇ ತಗೊಂಡ್ಳು. ಈಗ ಯೂರೋಪಿನಲ್ಲಿ ಎಲ್ಲಿ ಬೇಕಾದ್ರೂ ಇರಬಹುದು. ಕೆಲಸ ಇದ್ರೂ ಇಲ್ಲದಿದ್ರೂ ಹೋಗು ಅಂತ ಹೇಳುವವರಿಲ್ಲ. ನಿನ್ನ ಅಮ್ಮ ಎಲ್ಲಿಯವರು ಅಂದಿದ್ದೆ ನೀನು?"

ನನ್ನ ಕೈಯಲ್ಲಿದ್ದ ಪತ್ರೊಡೆ ಕೈಯಲ್ಲೇ ಉಳಿಯಿತು. ಆಯಿ ಹುಟ್ಟಿದ್ದು ಕಾಣಕೋಣದ ಹತ್ತಿರದ ಹಳ್ಳಿಯಲ್ಲಿ. ಗೋವಾ ಬಿಡುಗಡೆಯಾದಾಗ ಅವಳು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ.

"ಹಾಗಾದ್ರೆ ನೀನು ಅರ್ಧ ಪೋರ್ಚುಗೀಸ್!" ಎಂದು ವಿಜಯಕ್ಕ ನನ್ನ ಭುಜಕ್ಕೆ ಹೊಡೆದರು. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, "ಮೇಜು, ಸಾಬೂನು, ಬಟಾಟೆ ಎಲ್ಲ ಅವರದ್ದೇ ಮಾತಂತೆ. ಬಟಾಟೆ ತಿಂದವರಿಗೆಲ್ಲ ಕೊಡೋದಾದ್ರೆ ನನಗೂ ಒಂದು ಹಾಕಿಡಿ" ಎಂದರು. ಆ ಸುದ್ದಿ ಬಂದಮೇಲೆ ಅವರು ಆಡಿದ ಮೊದಲ ತಮಾಷೆ ಅದು. ನಾನು ನಗದೆ ಅಡುಗೆಮನೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ಚಿಕ್ಕಂದಿನಲ್ಲಿ ಅಜ್ಜಿಯ ಮನೆಗೆ ಹೋಗುವುದೆಂದರೆ ನಾವು ಆಗ ಇದ್ದ ಮಾಜಾಳಿಯಿಂದ ಒಂದು ಬಸ್ಸು. ಗೋವಾದ ಗಡಿಯೆಂಬುದು ಆಗ ಒಂದು ಅಡ್ಡ ಬಿದಿರು, ಒಂದು ಗುಡಿಸಲಿನಂಥ ಚೆಕ್‌ಪೋಸ್ಟು, ಅರೆನಿದ್ದೆಯ ಪೊಲೀಸಪ್ಪ. ಹೋಗುವಾಗ ಯಾರೂ ಕೇಳುತ್ತಿರಲಿಲ್ಲ. ಬರುವಾಗ ಗಂಡಸರ ಚೀಲ ಮುಟ್ಟಿ ನೋಡುತ್ತಿದ್ದರು. ನನ್ನ ಮಾವ, ಎಂದರೆ ಆಯಿಯ ಅಣ್ಣ, ನಮ್ಮನ್ನು ಬಿಡಲು ಬರುವಾಗ ಒಂದು ಬಾಟಲಿಯನ್ನು ನನ್ನ ಫ್ರಾಕಿನ ಚೀಲದ ಅಡಿಗೆ ಇಟ್ಟು ಮೇಲೆ ಬಿಸಿ ಪಾವು ಪೇರಿಸುತ್ತಿದ್ದರು. "ಕೇಳಿದ್ರೆ ಅಜ್ಜಿಯ ಔಷಧ ಅನ್ನು" ಎಂದು ಹೇಳಿಕೊಡುತ್ತಿದ್ದರು. ಅದರಿಂದಲೇ ಇರಬೇಕು, ಈ ಹೊತ್ತಿಗೂ ಯಾವ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಚೀಲದಲ್ಲಿರುವುದು ಸಂಡಿಗೆ, ಕೋಕಂ ಸಿಪ್ಪೆ ಮಾತ್ರ.

ಆ ಬಸ್ಸಿನ ಪ್ರಯಾಣದಲ್ಲಿ ಇನ್ನೊಂದು ಸೋಜಿಗವಿತ್ತು. ಬಿದಿರಿನ ಈಚೆ ಆಯಿ ರುಕ್ಮಿಣಿ. ಆಚೆ ಅವಳು ಆನಂದಿ. ಅಜ್ಜಿ, ಮಾವ, ಬಾವಿಕಟ್ಟೆಯ ಹೆಂಗಸರು, ಪಾವು ಮಾರುವವರು ಎಲ್ಲರೂ "ಆನಂದೀ, ಬಂದೆಯಾ?" ಎನ್ನುತ್ತಿದ್ದರು. ಆಚೆ ಹೋದ ಕೂಡಲೇ ಅವಳ ನಡಿಗೆಯೂ ಬದಲಾಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾವಿನಕಾಯಿಗೆ ಕಲ್ಲು ಹೊಡೆಯುತ್ತಿದ್ದಳು. ಎಲ್ಲ ತಾಯಂದಿರಿಗೂ ಎರಡು ಹೆಸರಿರುತ್ತದೆ ಎಂದು ನಾನು ತುಂಬ ದಿನ ತಿಳಿದಿದ್ದೆ.

ನಮ್ಮಲ್ಲಿ ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ವರ ತನ್ನ ಉಂಗುರದಿಂದ ಅದರಲ್ಲಿ ವಧುವಿನ ಹೊಸ ಹೆಸರು ಬರೆಯುತ್ತಾನೆ. ತವರಿನಲ್ಲಿ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಸಕ್ಕರೆ ಹಂಚುತ್ತಾರೆ. ನನ್ನ ತಂದೆಯ ಹೆಸರು ವಿಠ್ಠಲ, ಹಾಗಾಗಿ ಅವರು ರುಕ್ಮಿಣಿ ಎಂದು ಬರೆದರು. ಆಯಿ ಆ ಕತೆಯನ್ನು ಹೇಳುವಾಗ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದಳು: "ಬರೆದು ಆದ ಮೇಲೆ ನಾದಿನಿ ಆ ಅಕ್ಕಿಯನ್ನ ಕೈಯಲ್ಲಿ ಕಲಸಿಬಿಟ್ಲು. ನನಗೆ ಸರಿಯಾಗಿ ಓದಲಿಕ್ಕೂ ಆಗ್ಲಿಲ್ಲ. ಸಂಜೆಯವರೆಗೆ ಯಾರೋ ರುಕ್ಮಿಣೀ ಅಂತ ಕರೀತಿದ್ರು, ನಾನು ಯಾರನ್ನೋ ಅಂದ್ಕೊಂಡಿದ್ದೆ." ನನ್ನ ಮದುವೆಯಲ್ಲೂ ಅಕ್ಕಿ ಬಂತು. ಆಗಲೇ ದುಬೈಯಲ್ಲಿದ್ದ ವರ, ಭಟ್ಟರ ಕಿವಿಯಲ್ಲಿ "ಪಾಸ್‌ಪೋರ್ಟ್ ಆಗಿಬಿಟ್ಟಿದೆ, ಈಗ ಬದಲಾಯಿಸಿದ್ರೆ ವೀಸಾಕ್ಕೆ ತೊಂದರೆ" ಎಂದು ಹೇಳಿ, ನನ್ನ ಹಳೆಯ ಹೆಸರನ್ನೇ ಬರೆದರು. ಆ ದಿನ ನನಗೆ ತುಸು ಬೇಸರವೇ ಆಗಿತ್ತು ಎಂದರೆ ನೀವು ನಗಬಹುದು. ಎಲ್ಲರಿಗೂ ಸಿಕ್ಕಿದ್ದು ನನಗೆ ಸಿಗಲಿಲ್ಲ ಎಂಬಂತೆ.

ನೋಡಿ, ಎಲ್ಲಿಂದ ಎಲ್ಲಿಗೆ ಹೋದೆ. ದೇರಾಕ್ಕೆ ಬರಬೇಕು.

ದೇರಾದ ಮಸಾಲೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಒಂದು ಟ್ರಾವೆಲ್ ಆಫೀಸಿನ ಒಳಕೋಣೆಯಲ್ಲಿ ಕೈತಾನ್ ಎಂಬ ಹಿರಿಯರು ಕೂರುತ್ತಾರೆ. ಗೋವೆಯವರು, ನಲವತ್ತು ವರ್ಷದಿಂದ ಇಲ್ಲಿದ್ದಾರೆ, ಈ ಪೋರ್ಚುಗಲ್ ಕಾಗದದ ಕೆಲಸದಲ್ಲಿ ಪಳಗಿದವರು. ನಮ್ಮ ಮನೆಮಾತೂ ಕೊಂಕಣಿಯೇ. ನಾನು ಕನ್ನಡ ಶಾಲೆಯಲ್ಲಿ ಓದಿದವಳಾದ್ದರಿಂದ ಅವರ ಮಾತನ್ನೂ ಆಯಿಯ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಮಾತಿನ ಧಾಟಿ ಕೇಳಿಯೇ ಅವರು, "ಕಾಣಕೋಣದ ಕಡೆಯವರಾ ಬಾಯೆ?" ಎಂದರು. ನನಗೆ ಅಲ್ಲೇ ಅರ್ಧ ಗೆದ್ದಂತಾಯಿತು.

ಅವರು ನಿಧಾನವಾಗಿ ತಿಳಿಸಿ ಹೇಳಿದರು. ಗೋವಾ ತಮ್ಮ ಕೈಯಲ್ಲಿದ್ದಾಗ ಅಲ್ಲಿ ಹುಟ್ಟಿದವರನ್ನು ಆ ದೇಶ ಈಗಲೂ ತನ್ನವರೆಂದು ಎಣಿಸುತ್ತದೆ. ಮೊದಲು ತಾಯಿಯ ಜನನವನ್ನು ಅವರ ದಫ್ತರಿನಲ್ಲಿ ಸೇರಿಸಬೇಕು. ಆಮೇಲೆ ತಾಯಿಯ ಹಕ್ಕಿನಿಂದ ನಾನು ಕೇಳಬಹುದು, ನಾನಾದ ಮೇಲೆ ಮಗಳು. "ಎರಡು ವರ್ಷ ಹಿಡೀಬಹುದು, ಹೆಚ್ಚೂ ಆಗಬಹುದು. ಮತ್ತೆ ನಮ್ಮ ದೇಶ ಎರಡೆರಡು ಇಟ್ಕೊಳ್ಳಲು ಬಿಡೂದಿಲ್ಲ. ಆ ಪಾಸ್‌ಪೋರ್ಟ್ ಬಂದ ಮೇಲೆ ನಮ್ಮದನ್ನ ಒಪ್ಪಿಸಬೇಕು. ಮನಸ್ಸು ಗಟ್ಟಿ ಉಂಟಾ?"

ನನ್ನ ಮನಸ್ಸು ಯಾವತ್ತೂ ಗಟ್ಟಿಯಿಲ್ಲ. ಆ ನೀಲಿ ಪುಸ್ತಕವನ್ನು ಕಪಾಟಿನಲ್ಲಿ ದೇವರ ಫೋಟೋದ ಹಿಂದೆ ಇಡುವವಳು ನಾನು. ಆದರೆ ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಏನೋ ಬದಲಾಗಿತ್ತು. ಎರಡು ವರ್ಷ ಊರಿಗೆ ಹೋಗಿ ಕಾಯುವುದು, ಅಷ್ಟೇ. ಸೋತು ಮರಳುವ ಮನೆಗೂ ಕಾಯಲು ಹೋಗುವ ಮನೆಗೂ ಹಂಚು ಒಂದೇ ಇರಬಹುದು, ಕೆಳಗೆ ಬರುವ ನಿದ್ದೆ ಬೇರೆ. ತನ್ವಿ ಫೋನಿನಲ್ಲಿ ಆ ಭಾಷೆ ಕಲಿಯಲು ಶುರು ಮಾಡಿದಳು. ಬೆಳಗ್ಗೆ ಹಲ್ಲುಜ್ಜುತ್ತ "ಬೋಂ ದಿಯಾ, ಅಮ್ಮಾ" ಎನ್ನುತ್ತಿದ್ದಳು. ಅಲ್ಲಿ ಯಾವ ಕಾಲೇಜಿನಲ್ಲಿ ಏನು ಓದಬಹುದು ಎಂದು ಗೋಡೆಗೆ ಒಂದು ಹಳದಿ ಚೀಟಿ ಅಂಟಿಸಿದಳು. ಆ ಚೀಟಿಯನ್ನು ನಾನು ದಿನವೂ ಧೂಳು ಒರೆಸಿದಂತೆ ಮಾಡಿ ಓದುತ್ತಿದ್ದೆ.

ಪ್ರಕಾಶನಿಗೆ ಮಾತ್ರ ವಿಷಯ ಹೇಳಿ, ಆಯಿಗೆ ತಿಳಿಸಬೇಡ ಎಂದಿದ್ದೆ. ಅವನು ಕಾಣಕೋಣಕ್ಕೆ ಮೂರು ಸಲ ಓಡಾಡಿ, ಹಳೆಯ ರಿಜಿಸ್ಟರಿನಿಂದ ಜನನದ ನಕಲು ತೆಗೆಸಿ, ಫೋಟೋ ಕಳಿಸಿದ. ಓರೆ ಅಕ್ಷರದ ಬರವಣಿಗೆ. ಅರ್ಥವಾಗದ ಸಾಲುಗಳ ನಡುವೆ ಅಜ್ಜನ ಹೆಸರು, ಅಜ್ಜಿಯ ಹೆಸರು, ಆಮೇಲೆ ಸ್ಪಷ್ಟವಾಗಿ ಆನಂದಿ. ಬಾಣಂತಿ ಕೋಣೆಯಲ್ಲಿ ಹುಟ್ಟಿದ ಒಂದು ಹೆಣ್ಣುಕೂಸನ್ನು ಬರೆದಿಡಲು ಯಾರೋ ಅಷ್ಟು ಚೆಂದದ ಅಕ್ಷರ ಖರ್ಚು ಮಾಡಿದ್ದರು. ಅರ್ಜಿ ತುಂಬುವವಳಾಗಿ ನಾನು ಆ ಗುಮಾಸ್ತರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅದನ್ನು ಹಿಡಿದು ಮತ್ತೆ ದೇರಾಕ್ಕೆ ಹೋದೆವು. ಕೈತಾನರು ಕನ್ನಡಕ ಹಣೆಗೇರಿಸಿ ಓದಿ, ಇದು ಚಿನ್ನ ಎಂದರು. ಆನಂದಿಯೇ ರುಕ್ಮಿಣಿ ಎಂಬುದಕ್ಕೆ ಒಂದು ಪ್ರಮಾಣಪತ್ರ ಬೇಕು, ಗೋವೆಯ ಹೆಂಗಸರಲ್ಲಿ ಇದು ಇದ್ದದ್ದೇ, ಹೆದರಬೇಡಿ ಎಂದರು. "ತಾಯಿಯ ಈಗಿನ ಪಾಸ್‌ಪೋರ್ಟಿನ ಪ್ರತಿ ಕೊಡಿ."

ಹಸಿರು ಫೈಲಿನಿಂದ ತೆಗೆದು ಕೊಟ್ಟೆ. ಇಂಥ ಪುಟ ಬೇಕೆಂದು ಅವರು ಕೇಳುವ ಮೊದಲೇ ಕೊಟ್ಟೆ, ಅಷ್ಟು ಹೆಮ್ಮೆ. ಅವರು ಒಮ್ಮೆ ನೋಡಿದರು. ಕನ್ನಡಕ ಇಳಿಸಿ ಇನ್ನೊಮ್ಮೆ ನೋಡಿದರು.

"ಹುಟ್ಟಿದ ಊರು ಮಾಜಾಳಿ, ಕರ್ನಾಟಕ ಅಂತ ಉಂಟಲ್ಲ ಬಾಯೆ. ಇದನ್ನ ತುಂಬಿದ್ದು ಯಾವ ಕತ್ತೆ?"

ನಮ್ಮ ಮನೆಯವರು ಮೇಜಿನ ಮೇಲಿನ ಕ್ಯಾಲೆಂಡರ್ ನೋಡತೊಡಗಿದರು.

"ನಾನೇ" ಎಂದೆ.

ತನ್ವಿಗೆ ಎಂಟು ವರ್ಷವಿದ್ದಾಗ ಆಯಿಯನ್ನು ಎರಡು ತಿಂಗಳು ಇಲ್ಲಿಗೆ ಕರೆಸಿಕೊಳ್ಳುವ ಆಸೆಯಾಗಿತ್ತು. ರಜೆಗೆ ಹೋದವಳು ಜಗಲಿಯ ಮೇಲೆ ಕುಳಿತು ಅವಳ ಅರ್ಜಿ ತುಂಬಿದೆ. ಅವಳು ಎದುರಿಗೆ ಕುಳಿತು ತೊಂಡೆಕಾಯಿ ಹೆಚ್ಚುತ್ತಿದ್ದಳು. ರೇಷನ್ ಕಾರ್ಡು, ಮತದಾರರ ಚೀಟಿ ಎರಡರಲ್ಲೂ ಮಾಜಾಳಿಯ ರುಕ್ಮಿಣಿ. ಹುಟ್ಟಿದ ಊರಿನ ಚೌಕದ ಹತ್ತಿರ ಬಂದಾಗ ನಾನು ಬರೆಯುತ್ತಲೇ ಬಾಯಲ್ಲಿ ಹೇಳಿದೆ, ಮಾಜಾಳಿ ಎಂದು.

"ನಾನು ಹುಟ್ಟಿದ್ದು ಅಲ್ಲಿ ಅಲ್ವಲ್ಲೇ" ಎಂದಿದ್ದಳು ಆಯಿ.

"ಸುಮ್ನಿರು ಆಯಿ. ಅದನ್ನ ಬರೆದ್ರೆ ಇನ್ನೊಂದು ಕಾಗದ ಕೇಳ್ತಾರೆ. ಯಾರು ನೋಡ್ಲಿಕ್ಕೆ ಬರ್ತಾರೆ?"

ಆಮೇಲಿನ ಪ್ರಶ್ನೆ: ಈ ಮೊದಲು ಬೇರೆ ಯಾವುದಾದರೂ ಹೆಸರು ಇತ್ತೇ? ಅವಳನ್ನು ಕೇಳಲೂ ಇಲ್ಲ. ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿದೆ. ಎರಡು ಗೀಟು, ಅದೂ ಗೆರೆ ಮುಟ್ಟದ ಹಾಗೆ. ಆ ಪುಸ್ತಕದ ಅವಧಿ ಮುಗಿದಾಗ ಹೊಸದಕ್ಕೆ ತುಂಬಿದವಳೂ ನಾನೇ. ಹಳೆಯ ನಕಲು ಎದುರಿಗಿಟ್ಟುಕೊಂಡು ಒಂದಕ್ಷರ ತಪ್ಪದಂತೆ ಅದನ್ನೇ ಇಳಿಸಿದ್ದೆ. ಕಟ್ಟಡದವರ ಅರ್ಜಿಗಳನ್ನೆಲ್ಲ "ನಿಜ ಹೇಳಿ, ಎಲ್ಲೂ ಸುಳ್ಳು ಬರೀಬೇಡಿ" ಎಂದು ಉಪದೇಶ ಮಾಡಿ ತುಂಬುವವಳು, ಹೆತ್ತವಳ ಅರ್ಜಿಯಲ್ಲಿ ಹೀಗೆ ಮಾಡಿದ್ದೆ.

"ಆ ದೇಶದವರಿಗೆ ಇದನ್ನ ಕಳಿಸಿದ್ರೆ ಅವರು ಏನು ಕೇಳ್ತಾರೆ?" ಎಂದರು ಕೈತಾನರು. "ಕಾಣಕೋಣದಲ್ಲಿ ಹುಟ್ಟಿದ ಆನಂದಿ ಬೇರೆ, ಮಾಜಾಳಿಯಲ್ಲಿ ಹುಟ್ಟಿದ ರುಕ್ಮಿಣಿ ಬೇರೆ ಅಂತ ಫೈಲು ಮುಚ್ತಾರೆ. ಮೊದಲು ಪಾಸ್‌ಪೋರ್ಟ್ ತಿದ್ದಿಸಬೇಕು. ಎರಡೂ ಹೆಸರಿನಲ್ಲಿ ಅವರನ್ನ ಬಲ್ಲ ಹಿರಿಯರು ಯಾರಾದ್ರೂ ಇದ್ದಾರಾ ಸಾಕ್ಷಿಗೆ?"

ಬೆರಳು ಮಡಚಿ ಎಣಿಸಿದೆ. ಅಜ್ಜ, ಅಜ್ಜಿ, ಮಾವ, ಅತ್ತೆ, ಬಾವಿಕಟ್ಟೆಯವರು, ಅಕ್ಕಿ ಕಲಸಿದ ನಾದಿನಿ. ಯಾರೂ ಇಲ್ಲ. ಆಯಿಯನ್ನು ಆನಂದಿ ಎಂದು ಕರೆದ ಕೊನೆಯ ಮನುಷ್ಯ ಮಾವ. ಅವರು ಹೋಗಿಯೂ ಆರು ವರ್ಷ.

"ಹಾಗಾದ್ರೆ ಅವರ ಬಾಯಿಮಾತೇ ಸಾಕ್ಷಿ. ಅವರೇ ಹೋಗಿ, ನಾನೇ ಆನಂದಿ, ನಾನು ಹುಟ್ಟಿದ್ದು ಕಾಣಕೋಣ ಅಂತ ಹೇಳಿ ಸಹಿ ಹಾಕ್ಬೇಕು."

ಫೋನಿನಲ್ಲಿ ಆಯಿಗೆ ಹೇಳಿದೆ, ನಿನ್ನ ಪಾಸ್‌ಪೋರ್ಟಿನಲ್ಲಿ ಒಂದು ಸಣ್ಣ ತಪ್ಪಾಗಿದೆ, ಪ್ರಕಾಶನ ಜೊತೆ ಹೋಗಿ ತಿದ್ದಿಸಿಕೊಂಡು ಬಾ ಎಂದು. ಏಕೆ ಎಂದು ಹೇಳಲಿಲ್ಲ. ಹೇಳಿದರೆ ಅಳಿಯನ ಕೆಲಸ ಹೋದದ್ದನ್ನು ಹೇಳಬೇಕಾಗುತ್ತದೆ, ಅವಳು ಊಟ ಬಿಡುತ್ತಾಳೆ.

"ಈ ವಯಸ್ಸಿಗೆ ನನಗ್ಯಾಕೆ ಪಾಸ್‌ಪೋರ್ಟ್ ರಗಳೆ? ನಾನೇನು ಇನ್ನು ವಿಮಾನ ಹತ್ತುವವಳಾ?"

"ಇರಲಿ ಆಯಿ. ಸರಿ ಇರಬೇಕಲ್ಲ."

"ತಪ್ಪು ಬರೆದದ್ದು ನೀನೇ ಅಲ್ವಾ? ಅವತ್ತೇ ಹೇಳಿದ್ದೆ" ಎಂದಳು. ಅವಳ ನೆನಪಿಗೆ ತುಕ್ಕು ಹಿಡಿದಿರಲಿಲ್ಲ. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು.

ಹೋಗುವ ದಿನ ನಿಗದಿಯಾಯಿತು. ಪಾಸ್‌ಪೋರ್ಟ್ ಕಚೇರಿಗೆ ಘಟ್ಟ ಹತ್ತಿ ಹೋಗಬೇಕು. ಪ್ರಕಾಶ ಬಾಡಿಗೆ ಕಾರು ಮಾಡಿದ. ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿಸಿದನಂತೆ: ನಿಮ್ಮ ಹೆಸರು? ಮೊದಲಿನ ಹೆಸರು? ಹುಟ್ಟಿದ ಊರು? "ಶಾಲೆಯ ಇನ್‌ಸ್ಪೆಕ್ಟರ್ ಬಂದ ಹಾಗೆ ಮಾಡ್ತೀಯಲ್ಲೋ" ಎಂದು ಬೈದರೂ ಒಂದನ್ನೂ ತಪ್ಪದೆ ಹೇಳಿದಳಂತೆ. ಆ ದಿನ ನಾವು ಮೂವರೂ ಮನೆಯಲ್ಲೇ ಇದ್ದೆವು. ತನ್ವಿ ಕಾಲೇಜಿಗೆ ಹೋಗಲಿಲ್ಲ. ಇವರು ರಜೆ ಹಾಕಿದ್ದರು, ಇನ್ನು ಉಳಿಸಿ ಏನು ಮಾಡುವುದೆಂದು. ಮಧ್ಯಾಹ್ನಕ್ಕೆ ಸಾರು ಮಾಡಿದೆ, ಹುಳಿ ಹಾಕಲು ಮರೆತೆ. ಯಾರೂ ಅದನ್ನು ಹೇಳದೆ ಉಂಡರು.

ಮೂರು ಗಂಟೆಗೆ ಪ್ರಕಾಶನ ಫೋನು.

"ಅಕ್ಕಾ" ಎಂದ. "ನಾನು ಝೆರಾಕ್ಸ್ ಮಾಡಿಸ್ಲಿಕ್ಕೆ ಹೊರಗೆ ಹೋಗಿದ್ದೆ. ಹತ್ತೇ ನಿಮಿಷ. ಅಷ್ಟರಲ್ಲಿ ಇವಳನ್ನ ಒಳಗೆ ಕರೆದ್ರು. ಅಕ್ಕಾ, ಆಯಿ ಎಲ್ಲ…"

ಅಷ್ಟರಲ್ಲಿ ಆಯಿ ಫೋನು ಕಸಿದುಕೊಂಡಳು. ಹಿಂದೆ ಹೋಟೆಲಿನ ಸದ್ದು, ಲೋಟಗಳ ಸದ್ದು. ಅವಳ ದನಿ ಮಾತ್ರ ಹಬ್ಬದ ದಿನದ್ದು.

"ಸುಜಾ, ನೀನೇನೂ ಹೆದರಬೇಡ. ನಾನು ಎಲ್ಲ ಸರಿ ಮಾಡಿ ಬಂದೆ."

"ಏನು ಮಾಡಿದೆ ಆಯಿ?"

"ಒಳಗೆ ಒಂದು ಹುಡುಗಿ ಕೂತಿತ್ತು. ಒಳ್ಳೆ ಹುಡುಗಿ, ಅಜ್ಜೀ ಕೂತ್ಕೊಳ್ಳಿ ಅಂತ ಕುರ್ಚಿ ಕೊಟ್ಲು. ಕಾಗದ ಎಲ್ಲ ನೋಡಿದ್ಲು. ಆಮೇಲೆ, ಅಜ್ಜೀ, ಮೊದಲು ಇದನ್ನ ಸುಳ್ಳು ಬರೆದವರು ಯಾರು, ಹಾಗೆ ಬರೆದ್ರೆ ಕೇಸ್ ಆಗ್ತದೆ ಗೊತ್ತಾ ಅಂದ್ಲು. ನನ್ನ ಎದೆ ಧಸಕ್ ಅಂತು. ನೀನು ಪರದೇಶದಲ್ಲಿ ಇರುವವಳು. ಅಲ್ಲಿ ಹೋಗಿ ಹಿಡಿದ್ರೆ?"

ಇವರೂ ತನ್ವಿಯೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನು ಹೇಳಿದೆ, ಸುಳ್ಳು ಯಾರೂ ಬರೆದಿಲ್ಲ ಮಗಾ, ಪಾಸ್‌ಪೋರ್ಟಿನಲ್ಲಿ ಇರೂದೇ ನಿಜ. ನಾನು ರುಕ್ಮಿಣಿ, ಹುಟ್ಟಿದ್ದು ಮಾಜಾಳಿ. ಹಾಗಾದ್ರೆ ಈ ಆನಂದಿ ಯಾರು ಅಂತ ಕೇಳಿದ್ಲು. ಅದು ನನ್ನ ಅಕ್ಕ, ಸಣ್ಣವಳಿದ್ದಾಗಲೇ ಸತ್ತುಹೋಯ್ತು, ಮಗನಿಗೆ ಗೊತ್ತಾಗದೆ ಅವಳ ಕಾಗದ ತಂದಿದ್ದಾನೆ ಅಂದೆ. ಅವಳು ಎಲ್ಲ ಬರ್ಕೊಂಡ್ಲು. ಓದಿ ಹೇಳಿದ್ಲು. ನಾನು ಸಹಿ ಹಾಕಿದೆ. ರುಕ್ಮಿಣಿ ಅಂತಲೇ ಹಾಕಿದೆ."

ಏನು ಹೇಳಬೇಕಿತ್ತು ನಾನು? ನಿನ್ನ ಒಂದು ಸಹಿಗಾಗಿ ಈ ಮನೆಯಲ್ಲಿ ಮೂರು ಜನ ಬೆಳಗ್ಗಿನಿಂದ ಉಸಿರು ಹಿಡಿದು ಕುಳಿತಿದ್ದೆವು ಎಂದೇ? ಎಪ್ಪತ್ತಾರರ ಹೆಂಗಸು, ಮಗಳಿಗಾಗಿ ಸರ್ಕಾರದ ಎದುರು ಸುಳ್ಳು ಹೇಳಿ ಗೆದ್ದು ಬಂದಿದ್ದಳು. ಆ ಸುಳ್ಳಿಗೆ ಅವಳು ಬಲಿ ಕೊಟ್ಟದ್ದು ತನ್ನನ್ನೇ. ನಾನು ಮೊದಲೇ ನಿಜ ಹೇಳಿದ್ದರೆ ಅವಳು ಹಾಗೆ ಮಾಡುತ್ತಿರಲಿಲ್ಲ. ಅಳಿಯನ ಕೆಲಸ ಹೋಗಿದೆ, ನಮಗೆ ನಿನ್ನ ಹುಟ್ಟೂರು ಬೇಕಾಗಿದೆ ಎಂದು ಒಂದು ಮಾತು ಹೇಳಿದ್ದರೆ, ಕೇಸಾದರೂ ಆಗಲಿ ಎಂದು ಆನಂದಿಯಾಗಿಯೇ ನಿಲ್ಲುತ್ತಿದ್ದಳು. ಅವಳ ದುಃಖ ತಪ್ಪಿಸಲು ಹೋಗಿ ನಾನು ಅವಳ ಕೈಯಿಂದ ಇದನ್ನು ಮಾಡಿಸಿದೆ.

"ಯಾಕೇ ಸುಜಾ, ತಪ್ಪಾಯ್ತಾ?"

"ಇಲ್ಲ ಆಯಿ. ಒಳ್ಳೇದೇ ಮಾಡಿದೆ."

"ಇನ್ನು ನಿನಗೆ ಯಾವ ತೊಂದರೆಯೂ ಬರೂದಿಲ್ಲ. ಅಲ್ಲೇ ಆರಾಮಾಗಿ ಇರು."

"ಹೂಂ."

ತನ್ವಿ ಎದ್ದು ಕೋಣೆಗೆ ಹೋದಳು. ಗೋಡೆಯಿಂದ ಚೀಟಿ ಕಿತ್ತ ಸದ್ದು ಸಣ್ಣದು, ನನಗೆ ಕೇಳಿಸಿತು. ಇವರು ಊಟದ ತಟ್ಟೆಗಳನ್ನು ಒಂದರೊಳಗೊಂದು ಇಡತೊಡಗಿದರು.

ಸಂಜೆ ಕೈತಾನರಿಗೆ ಫೋನು ಮಾಡಿ ಹೇಳಿದೆ. ಸಹಿ ಹಾಕಿದ ಹೇಳಿಕೆಯ ಎದುರು ಇನ್ನು ಯಾವ ಕಾಗದ ನಿಲ್ಲುತ್ತದೆ ಬಾಯೆ ಎಂದರು. ಮತ್ತೆ ತಿದ್ದಿಸಲು ಹೋದರೆ ಎರಡು ಸುಳ್ಳಾಗುತ್ತದೆ, ಆ ಹಿರಿಯ ಹೆಂಗಸನ್ನು ಅಲ್ಲಿ ನಿಲ್ಲಿಸಬೇಡಿ ಎಂದರು. ನಾನೂ ಅದನ್ನೇ ಅಂದುಕೊಂಡಿದ್ದೆ.

ಈಗ ನಮಗೆ ಉಳಿದಿರುವುದು ಹದಿನೆಂಟು ದಿನ. ವಿಜಯಕ್ಕ ಫ್ರಿಜ್ಜು ತೆಗೆದುಕೊಳ್ಳುತ್ತಾರೆ. ತನ್ವಿ ಕಾಲೇಜಿನಿಂದ ಹೆಸರು ತೆಗೆಸಿಕೊಂಡಳು. ಆ ಅರ್ಜಿಯನ್ನು ಅವಳೇ ತುಂಬಿದಳು, ನನ್ನನ್ನು ಕೇಳಲಿಲ್ಲ. ನಿನ್ನೆ ಆಯಿಗೆ ನಾವು ಬರುವ ಸುದ್ದಿ ಹೇಳಿದೆ, ಅರ್ಧ ಮಾತ್ರ.

"ಬರ್ತೇವೆ ಆಯಿ, ಮುಂದಿನ ತಿಂಗಳು."

"ಹೌದಾ? ಮೂವರೂ? ಎಷ್ಟು ದಿನ ರಜೆ?"

"ತುಂಬಾ ದಿನ."

ಅವಳಿಗೆ ಆದ ಸಂತೋಷ ಫೋನಿನಲ್ಲೇ ತುಳುಕಿತು. ಮೊಮ್ಮಗಳಿಗೆ ಯಾವ ಮಂಚ, ಅಳಿಯನಿಗೆ ಯಾವ ಮೀನು ಎಂದೆಲ್ಲ ಹೇಳಿದಳು. ಮಳೆ ಹಿಡಿಯುವ ಮೊದಲು ಒಮ್ಮೆ ಕಾಣಕೋಣಕ್ಕೆ ಹೋಗಿ ಬರುವ ಎಂದಳು. ತಾನು ಹುಟ್ಟಿದ ಮನೆ ನಿಂತಿದೆಯೋ ಬಿದ್ದಿದೆಯೋ, ಹೊರಗಿನಿಂದಲಾದರೂ ತನ್ವಿಗೆ ತೋರಿಸಬೇಕಂತೆ. ಆಯಿತು ಎಂದೆ. ಫೋನಿಡುವೆ ಎನ್ನುವಷ್ಟರಲ್ಲಿ ಅವಳು ದನಿ ತಗ್ಗಿಸಿದಳು, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ.

"ಆದ್ರೆ ಸುಜಾ, ಅಲ್ಲಿ ಯಾರಾದ್ರೂ ಕೇಳಿದ್ರೆ ನಾನು ಯಾರಂತ ಹೇಳಬೇಡ. ಸುಮ್ನೆ ಮನೆ ನೋಡ್ಲಿಕ್ಕೆ ಬಂದವರು ಅಂತ ಹೇಳುವಾ."